ಮೂರು ಪೆನ್ಸ್ ಸ್ಟಾಂಪಿನ ಮರದ ಚರ್ಚು: ಅಪ್ಪ ಬರೆದ ಇಸವಿ ಸರಿಯಾ?

ಹಳೇಆಲ್ಬಂ:

ಎಲ್ಲರಿಗೂ ನಮಸ್ಕಾರ. ಅಪ್ಪನ ಅಂಚೆಚೀಟಿ ಆಲ್ಬಂ ಈಗ ನನ್ನ ಕೈಗೆ ಬಂದಿದೆ. ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ. ಊರು ಬಿಟ್ಟು ಹೋದದ್ದೇ ಕಡಿಮೆ, ಆದರೆ ಆಲ್ಬಂ ಮಾತ್ರ ಪ್ರಪಂಚ ಸುತ್ತಿದೆ. ಅದರಲ್ಲಿ ಬ್ರಿಟನ್ನಿನ ಪುಟದಲ್ಲಿ 1972ರ ಒಂದು 3 ಪೆನ್ಸ್ ಸ್ಟಾಂಪ್ ಇದೆ. ಒಂದು ಪುಟ್ಟ ಹಳ್ಳಿ ಚರ್ಚಿನ ಚಿತ್ರ. ಹೆಸರು ಗ್ರೀನ್‌ಸ್ಟೆಡ್-ಜಕ್ಸ್ಟಾ-ಆಂಗರ್. ಕೆಳಗೆ ಅಪ್ಪ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: "ಗೋಡೆ ಪೂರ್ತಿ ಮರ. ಕ್ರಿ.ಶ. 845."

ನನ್ನ ಮಗಳ ಶಾಲೆಯಲ್ಲಿ ಹಳೆ ವಸ್ತುಗಳ ಪ್ರದರ್ಶನ ಇದೆ. ಈ ಪುಟ ಇಡೋಣ ಅಂತ ವಿವರ ಹುಡುಕಿದೆ. ಈಗ ಎಲ್ಲ ಕಡೆ 1063ರ ನಂತರ ಕಟ್ಟಿದ್ದು ಅಂತ ಸಿಗುತ್ತಿದೆ. ಇನ್ನೂರು ವರ್ಷ ವ್ಯತ್ಯಾಸ! ಅಪ್ಪ ಇಸವಿ ತಪ್ಪು ಬರೆಯುವ ಮನುಷ್ಯ ಅಲ್ಲ. ರೈಲಿನ ಟೈಮು ಬಾಯಲ್ಲೇ ಹೇಳುತ್ತಿದ್ದವರು.

ಒಂದು ಕಟ್ಟಡದ ವಯಸ್ಸು ಹೀಗೆ ಬದಲಾಗುವುದು ಹೇಗೆ? ಮತ್ತೆ, ಕುಷ್ಠರೋಗಿಗಳು ಹೊರಗೆ ನಿಂತು ಪೂಜೆ ನೋಡಲಿ ಅಂತ ಗೋಡೆಯಲ್ಲಿ ಒಂದು ಕಿಂಡಿ ಇದೆಯಂತೆ, ಅದು ನಿಜವಾ? ಯಾರಾದರೂ ನೋಡಿದವರಿದ್ದರೆ ಹೇಳಿ.

---

ಚೇಗು:

ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಆ ಗೋಡೆ ಮುಟ್ಟಿಕೊಂಡು ಅರ್ಧ ದಿನ ನಿಂತಿದ್ದೇನೆ. ನಿಮ್ಮ ಅಪ್ಪ ತಪ್ಪು ಬರೆದಿಲ್ಲ. ಅವರು ಬರೆದ ಕಾಲಕ್ಕೆ ಅದೇ ಸರಿ ಉತ್ತರ.

ಮೊದಲು ನನ್ನ ವಿಷಯ. ನಾನು ತೀರ್ಥಹಳ್ಳಿ ಕಡೆಯ ಬಡಗಿ. ನಲವತ್ತು ವರ್ಷ ಮರ ಕೊಯ್ದು, ಕೆತ್ತಿ, ಬಾಗಿಲು ಕಿಟಕಿ ಕೂರಿಸಿ ಬದುಕಿದವನು. ಮಗಳು ಲಂಡನ್ನಿನ ಪೂರ್ವಕ್ಕೆ ಇದ್ದಾಳೆ. ಹೋದಾಗಲೆಲ್ಲ ಅರಮನೆ, ಗಡಿಯಾರ, ಸೇತುವೆ ಅಂತ ತೋರಿಸುತ್ತಿದ್ದಳು. ಮೂರನೇ ಸಲ ನಾನೇ ಹೇಳಿದೆ, "ಕಲ್ಲು ಸಾಕು ಮಗಾ, ಮರ ಎಲ್ಲಾದರೂ ಇದ್ದರೆ ತೋರಿಸು." ಅಳಿಯ ಹುಡುಕಿ ಕರೆದುಕೊಂಡು ಹೋದ.

ಎಸೆಕ್ಸ್ ಅನ್ನುವ ಕೌಂಟಿ. ಚಿಪ್ಪಿಂಗ್ ಆಂಗರ್ ಅಂತ ಒಂದು ಸಣ್ಣ ಪೇಟೆ. ಅದರ ಪಕ್ಕದ ಹಳ್ಳಿ ಗ್ರೀನ್‌ಸ್ಟೆಡ್. "ಜಕ್ಸ್ಟಾ" ಅಂದರೆ ಲ್ಯಾಟಿನ್ನಿನಲ್ಲಿ "ಪಕ್ಕ" ಅಂತ. ನಮ್ಮಲ್ಲಿ ಒಂದೇ ಹೆಸರಿನ ಎರಡು ಊರಿದ್ದರೆ "ಪೇಟೆ ಹತ್ರದ್ದಾ, ಹೊಳೆ ಹತ್ರದ್ದಾ" ಅಂತ ಕೇಳುತ್ತೇವಲ್ಲ, ಹಾಗೆ.

ಚರ್ಚು ಅಂದರೆ ನಾನು ದೊಡ್ಡದೇನೋ ಅಂದುಕೊಂಡಿದ್ದೆ. ನಮ್ಮೂರ ಅಡಿಕೆ ಮನೆಯಷ್ಟಿದೆ ಅಷ್ಟೇ. ಒಂದು ತುದಿಯಲ್ಲಿ ಬಿಳಿ ಹಲಗೆ ಹೊಡೆದ ಗೋಪುರ, ಮಧ್ಯ ಹೆಂಚಿನ ಮಾಡು, ಇನ್ನೊಂದು ತುದಿಯಲ್ಲಿ ಕೆಂಪು ಇಟ್ಟಿಗೆಯ ಭಾಗ. ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ಒಂದೇ ಸಲ ಕಟ್ಟಿದ್ದಲ್ಲ. ಇಟ್ಟಿಗೆ ಭಾಗ ಸುಮಾರು 1500ರದ್ದು. ಮಾಡಿಗೆ ಮೊದಲು ಹುಲ್ಲು ಹೊದಿಸುತ್ತಿದ್ದರು, ಹೆಂಚು ಆಮೇಲೆ ಬಂತು. ಗೋಪುರದ ಒಂದು ಗಂಟೆಯ ಮೇಲೆ "ವಿಲಿಯಂ ಲ್ಯಾಂಡ್ ನನ್ನನ್ನು ಮಾಡಿದ, 1618" ಅಂತ ಬರೆದಿದೆಯಂತೆ. ಗಂಟೆಯೇ ಮಾತಾಡಿದ ಹಾಗೆ ಬರೆಯುವ ಪದ್ಧತಿ. ನನಗೆ ಹಿಡಿಸಿತು. ನಾನೂ ಒಂದು ಬಾಗಿಲ ಮೇಲೆ ಹಾಗೆ ಕೆತ್ತಬೇಕಿತ್ತು.

ಆದರೆ ಮಧ್ಯದ ಭಾಗ ಇದೆಯಲ್ಲ, ಜನ ಕೂರುವ ಜಾಗ, ಅದರ ಗೋಡೆ ಬೇರೆಯೇ ಲೋಕ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಎರಡು ಹೋಳು ಸೀಳಿ, ನೆಟ್ಟಗೆ ಒಂದರ ಪಕ್ಕ ಒಂದು ನಿಲ್ಲಿಸಿದ್ದಾರೆ. ದುಂಡು ಮೈ ಹೊರಗೆ, ಚಪ್ಪಟೆ ಮೈ ಒಳಗೆ. ಒಟ್ಟು 51 ಅಂತ ಲೆಕ್ಕ. ದೂರದಿಂದ ಗೂಟದ ಬೇಲಿ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಬೇಲಿ ಅಲ್ಲ. ಪ್ರತಿ ದಿಮ್ಮಿಯ ಎರಡೂ ಅಂಚಿನಲ್ಲಿ ಉದ್ದಕ್ಕೆ ತೋಡು ತೆಗೆದು, ಎರಡು ದಿಮ್ಮಿಯ ಮಧ್ಯೆ ಒಂದು ತೆಳು ಮರದ ಪಟ್ಟಿ ಇಳಿಸಿದ್ದಾರೆ. ಗಾಳಿ, ಮಳೆ ಒಳಗೆ ನುಗ್ಗದಿರಲಿ ಅಂತ. ಇದನ್ನೇ ನಾವು ಇವತ್ತೂ ಹಲಗೆ ಜೋಡಿಸುವಾಗ ಮಾಡುತ್ತೇವೆ! ಒಳಗಿನ ಚಪ್ಪಟೆ ಮೈಯಲ್ಲಿ ಬಾಚಿ ಏಟಿನ ಗುರುತು ಈಗಲೂ ಇದೆ. ಬೆರಳು ಇಟ್ಟೆ. ಏಟು ಯಾವ ಕಡೆಯಿಂದ ಬಿದ್ದಿದೆ ಅಂತ ಗೊತ್ತಾಗುತ್ತದೆ ಮಾರಾಯ್ರೆ. ಅಳಿಯ "ಮಾವ, ಮುಟ್ಟಬಾರದೇನೋ" ಅಂದ. ಕೈ ತೆಗೆದೆ, ಆದರೆ ಸ್ವಲ್ಪ ಹೊತ್ತಾದ ಮೇಲೆ.

ಈಗ ನಿಮ್ಮ ಇಸವಿಗೆ ಬರುತ್ತೇನೆ.

1960ರ ಹೊತ್ತಿಗೆ ಈ ಮರದ ಉಂಗುರ ಎಣಿಸಿ 845 ಅಂತ ಹೇಳಿದರು. ಆಗ ಇಂಗ್ಲೆಂಡಿನಲ್ಲಿ ಈ ವಿದ್ಯೆ ಇನ್ನೂ ಅಂಬೆಗಾಲಿಡುತ್ತಿತ್ತು. 1995ರಲ್ಲಿ ಮತ್ತೆ ನೋಡಿದರು. ಆಗ ಸಿಕ್ಕಿದ್ದು 1053, ಅದಕ್ಕೆ 10ರಿಂದ 55 ವರ್ಷ ಸೇರಿಸಬೇಕು ಅಂತ. ಅಂದರೆ 1063ರಿಂದ 1108ರ ಒಳಗೆ ಯಾವಾಗಲೋ ಮರ ಬಿದ್ದಿದೆ.

ಉಂಗುರ ಎಣಿಸುವುದು ಅಂದರೆ ಸುಮ್ನೆ ಎಷ್ಟಿದೆ ಅಂತ ಲೆಕ್ಕ ಹಾಕುವುದಲ್ಲ. ಮಳೆ ಚೆನ್ನಾಗಿ ಆದ ವರ್ಷ ಮರ ದಪ್ಪ ಉಂಗುರ ಹಾಕುತ್ತದೆ, ಬರ ಬಂದ ವರ್ಷ ಸಣ್ಣದು. ಒಂದು ಪ್ರದೇಶದ ಓಕ್ ಮರಗಳೆಲ್ಲ ಹೆಚ್ಚುಕಡಿಮೆ ಒಂದೇ ತರ ದಪ್ಪ-ಸಣ್ಣ ಹಾಕಿರುತ್ತವೆ. ಇವತ್ತಿನ ಮರ, ಅದಕ್ಕಿಂತ ಹಳೆ ಮನೆಯ ತೊಲೆ, ಅದಕ್ಕಿಂತ ಹಳೆಯದು, ಹೀಗೆ ಒಂದಕ್ಕೊಂದು ಹೊಂದಿಸಿ ಹಿಂದಕ್ಕೆ ಹೋಗುತ್ತಾರೆ. ಆ ಸರಪಳಿಯಲ್ಲಿ ನಮ್ಮ ದಿಮ್ಮಿ ಎಲ್ಲಿ ಕೂರುತ್ತದೆ ಅಂತ ನೋಡುತ್ತಾರೆ. ಸರಪಳಿ ಗಟ್ಟಿ ಇಲ್ಲದಿದ್ದರೆ ದಿಮ್ಮಿ ತಪ್ಪು ಜಾಗದಲ್ಲೂ ಕೂತು ಬಿಡುತ್ತದೆ. (ನಮ್ಮ ಮರಗಳಲ್ಲಿ ತೇಗಕ್ಕೆ ಇದನ್ನು ಮಾಡಬಹುದು, ಅದರ ಉಂಗುರ ಕಣ್ಣಿಗೇ ಕಾಣುತ್ತದೆ. ಹಲಸಿನಲ್ಲಿ ಅಷ್ಟು ಕಾಣುವುದಿಲ್ಲ.)

ಸರಿ, ಆ 10ರಿಂದ 55 ಯಾಕೆ? ಮರದ ಕೆಲಸ ಮಾಡಿದವರಿಗೆ ಇದು ಗೊತ್ತು. ಯಾವ ಮರ ಕೊಯ್ದರೂ ಒಳಗೆ ಚೇಗು, ಸುತ್ತ ಬಿಳಿ ಮರ. ಹಲಸು ಕೊಯ್ದು ನೋಡಿ, ಒಳಗೆ ಅರಿಸಿನ ಬಣ್ಣ, ಹೊರಗೆ ಬಿಳಿ. ಚೇಗು ನೂರಾರು ವರ್ಷ ನಿಲ್ಲುತ್ತದೆ. ಬಿಳಿ ಮರಕ್ಕೆ ಮೊದಲು ಕುಟ್ಟೆ ಹಿಡಿಯುತ್ತದೆ, ಮೊದಲು ಕೊಳೆಯುತ್ತದೆ. ಗ್ರೀನ್‌ಸ್ಟೆಡ್‌ನ ದಿಮ್ಮಿಗಳಲ್ಲೂ ಹೊರಗಿನ ಬಿಳಿ ಮರ ಸವೆದು ಹೋಗಿದೆ. 1053 ಅನ್ನುವುದು ಉಳಿದಿರುವ ಕೊನೆಯ ಉಂಗುರ, ಮರ ಕಡಿದ ವರ್ಷ ಅಲ್ಲ. ಹೋದ ಉಂಗುರ ಎಷ್ಟು? ಇಂಗ್ಲೆಂಡಿನ ಓಕ್‌ನಲ್ಲಿ ಬಿಳಿ ಮರ ಸಾಮಾನ್ಯವಾಗಿ 10ರಿಂದ 55 ಉಂಗುರದಷ್ಟು ಇರುತ್ತದೆ. ಅದಕ್ಕೇ ಆ ಲೆಕ್ಕ. ಒಂದೇ ಒಂದು ದಿಮ್ಮಿಯಲ್ಲಿ ತೊಗಟೆ ಉಳಿದಿದ್ದರೆ ವರ್ಷ ಬೆರಳಿಟ್ಟು ಹೇಳಬಹುದಿತ್ತು.

ಮಜಾ ಏನು ಅಂದರೆ 1066ರಲ್ಲಿ ನಾರ್ಮನ್ನರು ಬಂದು ಇಂಗ್ಲೆಂಡ್ ಗೆದ್ದರು. ಈ ಮರ ಕಡಿದದ್ದು ಅದಕ್ಕೆ ಮೂರು ವರ್ಷ ಮುಂಚೆ ಇರಬಹುದು, ನಲವತ್ತು ವರ್ಷ ಆದಮೇಲೂ ಇರಬಹುದು. ರಾಜ ಯಾರಾದರೇನು, ಬಾಚಿ ಹಿಡಿದವನು ತನಗೆ ಗೊತ್ತಿದ್ದ ಹಳೇ ಕ್ರಮದಲ್ಲೇ ಗೋಡೆ ಮಾಡಿದ್ದಾನೆ.

ಕಿಂಡಿ ವಿಷಯ ಆಮೇಲೆ ಬರೆಯುತ್ತೇನೆ. ಫೋನಲ್ಲಿ ಟೈಪ್ ಮಾಡಿ ಹೆಬ್ಬೆರಳು ನೋಯುತ್ತಿದೆ.

---

ಗಮ್‌ಪೇಪರ್:

ಸ್ಟಾಂಪಿನ ಬಗ್ಗೆ ಮಾತ್ರ ಹೇಳುತ್ತೇನೆ. ಅದು 1972ರ "ಹಳ್ಳಿ ಚರ್ಚುಗಳು" ಸರಣಿ, ಒಟ್ಟು ಐದು. 3 ಪೆನ್ಸ್ ನಿಮ್ಮದು. 4ಕ್ಕೆ ಅರ್ಲ್ಸ್ ಬಾರ್ಟನ್, 5ಕ್ಕೆ ಲೆದರಿಂಗ್‌ಸೆಟ್, ಏಳೂವರೆಗೆ ಹೆಲ್ಪ್ರಿಂಗಮ್, 9ಕ್ಕೆ ಹ್ಯೂಯಿಶ್ ಎಪಿಸ್ಕೊಪಿ. ಅಪ್ಪನ ಆಲ್ಬಮಿನಲ್ಲಿ ಉಳಿದ ನಾಲ್ಕು ಇದೆಯಾ ನೋಡಿ. ಬೆಲೆ ಜಾಸ್ತಿ ಏನಿಲ್ಲ, ಆಸೆ ಬೇಡ. ಐದೂ ಒಟ್ಟಿಗೆ ಇದ್ದರೆ ಪ್ರದರ್ಶನಕ್ಕೆ ಚೆಂದ.

ಗ್ರೀನ್‌ಸ್ಟೆಡ್ ಅನ್ನು "ಜಗತ್ತಿನ ಅತಿ ಹಳೆಯ ಮರದ ಚರ್ಚು" ಅಂತ ಬರೆಯುತ್ತಾರೆ. ನೀವು ಬರೆಯುವಾಗ "ಚರ್ಚು" ಅನ್ನುವ ಪದ ಬಿಡಬೇಡಿ. ಬರೀ "ಅತಿ ಹಳೆಯ ಮರದ ಕಟ್ಟಡ" ಅಂದರೆ ಜಪಾನಿನ ಹೋರ್ಯೂ-ಜಿ ದೇವಾಲಯದವರು ಒಪ್ಪುವುದಿಲ್ಲ.

---

ಎಪ್ಪಿಂಗ್‌ಕನ್ನಡತಿ:

ನಾನು ಅಲ್ಲೇ ಹತ್ತಿರ ಇರುವವಳು. ಸೆಂಟ್ರಲ್ ಲೈನ್ ಟ್ಯೂಬಿನಲ್ಲಿ ಎಪ್ಪಿಂಗ್ ತನಕ ಬನ್ನಿ, ಅಲ್ಲಿಂದ ಬಸ್ಸು. ಮೊದಲು ಟ್ಯೂಬೇ ಆಂಗರ್ ತನಕ ಹೋಗುತ್ತಿತ್ತು, 1994ರಲ್ಲಿ ನಿಲ್ಲಿಸಿದರು. ಈಗ ಅದೇ ಹಳಿಯ ಮೇಲೆ ಕೆಲವು ದಿನ ಹಳೇ ಕಾಲದ ರೈಲು ಓಡಿಸುತ್ತಾರೆ. ರೈಲ್ವೆಯವರ ಮಗ ನೀವು, ಬಂದರೆ ಅದರಲ್ಲೇ ಬನ್ನಿ. ಆಂಗರ್‌ನಿಂದ ಚರ್ಚಿಗೆ ಸುಮಾರು ಒಂದು ಮೈಲಿ ಕಾಲುದಾರಿ. ಮಳೆ ಬಂದ ಮಾರನೇ ದಿನ ಒಳ್ಳೆ ಶೂ ಹಾಕಬೇಡಿ. ನಾನು ಹಾಕಿದ್ದೆ. ಒಂದು ಶೂ ಕೆಸರಲ್ಲೇ ಉಳಿಯಿತು, ಕಾಲು ಮಾತ್ರ ಮುಂದೆ ಹೋಯಿತು.

ಕಿಂಡಿ ಬಗ್ಗೆ ನನಗೆ ಗೊತ್ತಿರುವುದು: ಉತ್ತರದ ಗೋಡೆಯಲ್ಲಿ ಒಂದು ಸಣ್ಣ ತೂತು. ಅದಕ್ಕೆ "ಕುಷ್ಠರೋಗಿಗಳ ಕಿಂಡಿ" ಅಂತ ಹೆಸರು ಬಿದ್ದಿದೆ. ಸ್ಕೂಲ್ ಮಕ್ಕಳಿಗೆ ಅದೇ ಕಥೆ ಇಷ್ಟ. ಬಾಗಿಲು ಅದರ ಹತ್ತಿರವೇ ಇದ್ದದ್ದರಿಂದ, ಒಳಗೆ ಬರುವವರು ಬೆರಳು ಅದ್ದಿಕೊಳ್ಳುವ ಪವಿತ್ರ ಜಲದ ಗೂಡು ಇರಬೇಕು ಅನ್ನುವುದೇ ಹೆಚ್ಚು ಸರಿ ಅನ್ನಿಸುತ್ತದೆ. ಚೇಗು ಅವರೇ, ನೀವು ಏನಂತೀರಿ?

---

ಚೇಗು:

ನೀವು ಹೇಳಿದ್ದೇ ಸರಿ. ನಾನು ಬಗ್ಗಿ ನೋಡಿದೆ. ಅದರಿಂದ ಪೂಜೆ ನೋಡಬೇಕಾದರೆ ಕತ್ತು ಕೊಕ್ಕರೆಯದಾಗಬೇಕು. ಪೂಜೆ ಮಾಡುವ ಜಾಗ ಇರುವುದು ಪೂರ್ವದ ತುದಿಯಲ್ಲಿ, ಈ ಕಿಂಡಿ ಇರುವುದು ಬಾಗಿಲಿನ ಪಕ್ಕ. ಹೊರಗೆ ನಿಂತವನಿಗೆ ಎದುರು ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಅದೂ ಅಲ್ಲದೆ ಆ ಕಾಲದಲ್ಲಿ ಗೋಡೆಯಲ್ಲಿ ಕಿಟಕಿಯೇ ಇರಲಿಲ್ಲ. ಮಾಡಿನಲ್ಲಿ ಈಗ ಕಾಣುವ ಕಿಟಕಿಗಳೆಲ್ಲ ಎಷ್ಟೋ ನೂರು ವರ್ಷ ಆದಮೇಲೆ ಹಾಕಿದ್ದು. ಮೊದಲು ಹುಲ್ಲು ಮಾಡು, ಮುಚ್ಚಿದ ಗೋಡೆ, ನಮ್ಮ ಹಳೇ ಮನೆ ನಡುಕೋಣೆ ಹಾಗೆ ಕತ್ತಲು. ಒಳಗಿನ ದಿಮ್ಮಿಗಳ ಮೇಲೆ ಅಲ್ಲಲ್ಲಿ ಸುಟ್ಟ ಕಲೆ ಇದೆ, ದೀಪ ಇಟ್ಟದ್ದರಿಂದ ಅಂತಾರೆ. ನಮ್ಮ ಮನೆಯ ದೇವರ ಗೂಡಿನ ಮೇಲೂ ಅಂಥದ್ದೇ ಕಪ್ಪು ಇದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

---

ಹಳೇಆಲ್ಬಂ:

ಅಬ್ಬಾ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಆಲ್ಬಮಿನಲ್ಲಿ ಐದರಲ್ಲಿ ನಾಲ್ಕು ಇವೆ, ಏಳೂವರೆ ಪೆನ್ಸಿನದು ಇಲ್ಲ. ಅದರ ಜಾಗ ಖಾಲಿ ಬಿಟ್ಟಿದ್ದಾರೆ, ಸಿಕ್ಕೇ ಸಿಗುತ್ತದೆ ಅನ್ನುವ ಹಾಗೆ.

ಇನ್ನೊಂದು ಪ್ರಶ್ನೆ. ಎಡ್ಮಂಡ್ ಅನ್ನುವ ಒಬ್ಬ ಸಂತ ರಾಜನ ದೇಹವನ್ನು 1013ರಲ್ಲಿ ಈ ಚರ್ಚಿನಲ್ಲಿ ಒಂದು ರಾತ್ರಿ ಇಟ್ಟಿದ್ದರು ಅಂತ ಓದಿದೆ. ಚರ್ಚು ಕಟ್ಟಿದ್ದೇ 1063ರ ನಂತರ ಅಂದರೆ ಲೆಕ್ಕ ತಪ್ಪುತ್ತದಲ್ವಾ?

---

ಚೇಗು:

ತಪ್ಪುತ್ತದೆ. ಒಳ್ಳೆ ಜಾಗಕ್ಕೆ ಕೈ ಹಾಕಿದಿರಿ.

ಎಡ್ಮಂಡ್ ಅಂದರೆ ಈಸ್ಟ್ ಆಂಗ್ಲಿಯಾದ ರಾಜ, 869ರಲ್ಲಿ ಡೇನರು, ಅಂದರೆ ಡೆನ್ಮಾರ್ಕ್ ಕಡೆಯಿಂದ ದಾಳಿ ಮಾಡಿದವರು, ಕೊಂದರು. ಜನ ಸಂತ ಅಂತ ಪೂಜಿಸಿದರು. ಮತ್ತೆ ಡೇನರ ಕಾಟ ಬಂದಾಗ 1010ರಲ್ಲಿ ದೇಹದ ಪೆಟ್ಟಿಗೆಯನ್ನು ಲಂಡನ್ನಿಗೆ ಒಯ್ದು, 1013ರಲ್ಲಿ ವಾಪಸ್ ತಂದರು. ಬರುವ ದಾರಿಯಲ್ಲಿ ಆಂಗರ್ ಹತ್ತಿರ ಒಂದು ಮರದ ಗುಡಿಯಲ್ಲಿ ಇಳಿಸಿದರು ಅಂತ ಹಳೆ ಬರಹದಲ್ಲಿದೆ. ಗೋಡೆ 845ರದ್ದು ಅಂತ ನಂಬಿದ್ದಾಗ ಎಲ್ಲ ಸರಿಯಾಗಿ ಹೊಂದುತ್ತಿತ್ತು. "ಇದೇ ಗೋಡೆ, ಇದೇ ಜಾಗ" ಅಂತ ತೋರಿಸಬಹುದಿತ್ತು. ಮರ ಬೇರೆ ಹೇಳಿತು.

ಹಾಗಂತ ಕಥೆ ಪೂರ್ತಿ ಬಿದ್ದು ಹೋಗುವುದಿಲ್ಲ. 1960ರಲ್ಲಿ ಇಟ್ಟಿಗೆ ಭಾಗದ ನೆಲ ಅಗೆದಾಗ ಇನ್ನೂ ಹಳೆಯ ಮರದ ಕಟ್ಟಡಗಳ ಗುರುತು ಸಿಕ್ಕಿದೆ. ಜಾಗ ಹಳೆಯದು. ಪೆಟ್ಟಿಗೆ ಅಲ್ಲಿ ಇಳಿದಿರಬಹುದು, ಆದರೆ ಈಗ ನಾವು ನೋಡುವ ದಿಮ್ಮಿಗಳು ಆಗ ಇನ್ನೂ ಕಾಡಿನಲ್ಲಿ ಬೆಳೆಯುತ್ತಾ ನಿಂತಿದ್ದವು. ನನಗೆ ಈ ಲೆಕ್ಕವೇ ಹೆಚ್ಚು ಇಷ್ಟ.

ನನ್ನನ್ನು ಕೇಳಿದರೆ, ಮಗಳ ಪ್ರದರ್ಶನಕ್ಕೆ ಎಡ್ಮಂಡ್‌ಗಿಂತ ಇನ್ನೊಂದು ಕಥೆ ಬರೆಯಿರಿ. ಅದು ಇನ್ನೂ ಹತ್ತಿರದ ಕಾಲದ್ದು, ಕಾಗದದಲ್ಲಿ ದಾಖಲಾದದ್ದು.

1834. ಡಾರ್ಸೆಟ್ ಕಡೆ ಟಾಲ್‌ಪಡಲ್ ಅಂತ ಹಳ್ಳಿ. ಹೊಲದ ಕೂಲಿಯವರಿಗೆ ವಾರಕ್ಕೆ 7 ಶಿಲಿಂಗ್ ಸಿಗುತ್ತಿತ್ತು. ಅದನ್ನೂ 6ಕ್ಕೆ ಇಳಿಸುತ್ತೇವೆ ಅಂದರು. ಆರು ಜನ ಸೇರಿ ಸಂಘ ಮಾಡಿದರು. ಸಂಘ ಮಾಡುವುದು ಆಗ ಅಪರಾಧ ಆಗಿರಲಿಲ್ಲ. ಅದಕ್ಕೇ, ಗುಟ್ಟಾಗಿ ಆಣೆ ಹಾಕಿಸಿಕೊಂಡರು ಅಂತ ನೌಕಾಪಡೆಯ ದಂಗೆ ಕಾಲದ ಒಂದು ಹಳೇ ಕಾಯ್ದೆ ಹುಡುಕಿ ಹಿಡಿದರು. ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು. ಊರೂರಲ್ಲಿ ಗಲಾಟೆ ಆಯಿತು, ದೊಡ್ಡ ಮೆರವಣಿಗೆ ಆಯಿತು, 1836ರಲ್ಲಿ ಕ್ಷಮೆ ಸಿಕ್ಕಿತು. ವಾಪಸ್ ಬಂದವರಿಗೆ ಊರಲ್ಲಿ ಕೆಲಸ ಯಾರು ಕೊಡುತ್ತಾರೆ? ಬೆಂಬಲಿಗರು ಚಂದಾ ಎತ್ತಿ ಎಸೆಕ್ಸ್‌ನಲ್ಲಿ ಗೇಣಿಗೆ ಜಮೀನು ಹಿಡಿದು ಕೊಟ್ಟರು. ಅದರಲ್ಲಿ ಒಂದು ಜಮೀನು ಇದೇ ಗ್ರೀನ್‌ಸ್ಟೆಡ್‌ನಲ್ಲಿ.

ಆರು ಜನರಲ್ಲಿ ಜೇಮ್ಸ್ ಬ್ರೈನ್ ಅಂತ ಒಬ್ಬ. 1839ರಲ್ಲಿ ಅವನು ಇದೇ ಚರ್ಚಿನಲ್ಲಿ ಎಲಿಜಬೆತ್ ಸ್ಟ್ಯಾಂಡ್‌ಫೀಲ್ಡ್‌ಳನ್ನು ಮದುವೆಯಾದ. ಅವಳು ಯಾರು ಗೊತ್ತಾ? ಅವನ ಜೊತೆಗೇ ಗಡೀಪಾರಾಗಿದ್ದ ಥಾಮಸ್ ಸ್ಟ್ಯಾಂಡ್‌ಫೀಲ್ಡ್‌ನ ಮಗಳು. ಮಾವ, ಅಳಿಯ ಇಬ್ಬರೂ ಒಂದೇ ಕೇಸಿನ ಕೈದಿಗಳು! ಇದನ್ನು ಅಳಿಯನಿಗೆ ಹೇಳಿ ನಕ್ಕೆ. ಅವನಿಗೆ ಅಷ್ಟೇನೂ ನಗು ಬರಲಿಲ್ಲ.

ಆಗ ಅಲ್ಲಿ ಫಿಲಿಪ್ ರೇ ಅಂತ ಪಾದ್ರಿ. 1837ಕ್ಕೆ ಬಂದವರು. ಈ ಕೂಲಿಯವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಅವರ ವಿರುದ್ಧ ಮಾತಾಡಿದ್ದರು. ಇವರೂ ಸುಮ್ಮನಿರಲಿಲ್ಲ, ಇಲ್ಲಿಗೆ ಬಂದ ಮೇಲೂ ಚಾರ್ಟಿಸ್ಟ್ ಸಂಘ ಕಟ್ಟಿದರು, ಎಲ್ಲ ಗಂಡಸರಿಗೂ ಮತ ಬೇಕು ಅಂದರು. ಕೊನೆಗೆ 1840ರ ದಶಕದ ಮಧ್ಯದಲ್ಲಿ ಆರು ಜನರಲ್ಲಿ ಐವರ ಕುಟುಂಬಗಳು ಕೆನಡಾಕ್ಕೆ ಹೊರಟು ಹೋದವು.

ಅದೇ ಪಾದ್ರಿ 1848ರಲ್ಲಿ ಚರ್ಚಿನ ದುರಸ್ತಿಗೆ ಕೈ ಹಾಕಿದರು. ದಿಮ್ಮಿಗಳ ಬುಡ ಕೊಳೆತಿತ್ತು. ಎಲ್ಲ ದಿಮ್ಮಿ ಬಿಡಿಸಿ, ಕೊಳೆತಷ್ಟು ಕತ್ತರಿಸಿ, ಕೆಳಗೆ ಇಟ್ಟಿಗೆ ಪಾಯ ಕಟ್ಟಿ, ಅದರ ಮೇಲೆ ಅಡಿತೊಲೆ ಹಾಕಿ ಮತ್ತೆ ನಿಲ್ಲಿಸಿದರು. ನಾನು ಆ ಪಾಯ ನೋಡಿದೆ. ಚೆಂದ ಅಂತ ಹೇಳಲಾರೆ. ಹಳೇ ದಿಮ್ಮಿಗೆ ಇಟ್ಟಿಗೆ ಚಪ್ಪಲಿ ಹಾಕಿದ ಹಾಗಿದೆ. ಆದರೆ ಬಡಗಿಯಾಗಿ ಹೇಳುತ್ತೇನೆ, ಅದು ಸರಿಯಾದ ಕೆಲಸ. ಮರ ಕೊಳೆಯುವುದು ತಲೆಯಿಂದ ಅಲ್ಲ, ನೀರು ಏರುವ ಬುಡದಿಂದ. ನಮ್ಮಲ್ಲಿ ಕಂಬದ ಕೆಳಗೆ ಕಲ್ಲು ಇಡುವುದು ಅದಕ್ಕೇ. ಪಾದ್ರಿ ಸ್ವಲ್ಪ ಉದಾಸೀನ ಮಾಡಿದ್ದರೆ ಇವತ್ತು ಎಣಿಸಲು ಉಂಗುರವೇ ಇರುತ್ತಿರಲಿಲ್ಲ.

ಕೂಲಿಯವರ ಜೊತೆ ಜಗಳವಾಡಿದವನೂ ಅವನೇ, ಗೋಡೆ ಉಳಿಸಿದವನೂ ಅವನೇ. ಬ್ರೈನ್ ಮದುವೆಯಾದಾಗ ದಿಮ್ಮಿಗಳು ಇನ್ನೂ ಹಳೇ ಕೊಳೆತ ಬುಡದ ಮೇಲೇ ನಿಂತಿದ್ದವು. ಮದುಮಗ ಅದನ್ನು ಗಮನಿಸಿದನೋ ಇಲ್ಲವೋ. ನನ್ನ ಮದುವೆಯಲ್ಲಿ ನಾನು ಚಪ್ಪರದ ಕಂಬ ಅಲ್ಲಾಡುತ್ತದಾ ಅಂತಲೇ ನೋಡುತ್ತಿದ್ದೆ. ಹೆಂಡತಿ ಈಗಲೂ ಹೇಳುತ್ತಾಳೆ.

---

ಎಪ್ಪಿಂಗ್‌ಕನ್ನಡತಿ:

ಬ್ರೈನ್ ಮದುವೆ ವಿಷಯ ಇಲ್ಲಿ ಬರುವವರಲ್ಲಿ ಅರ್ಧ ಜನಕ್ಕೂ ಗೊತ್ತಿಲ್ಲ. ಎಲ್ಲರೂ ಬಾಗಿಲ ಹತ್ತಿರದ ಕ್ರುಸೇಡ್ ಯೋಧನ ಸಮಾಧಿಯ ಫೋಟೋ ತೆಗೆದು ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮುಂದಿನ ವಾರ ಮತ್ತೆ ಹೋಗುತ್ತೇನೆ, ಈ ಸಲ ಗಂಬೂಟ್ ಹಾಕಿಕೊಂಡು. ದಿಮ್ಮಿಗಳ ಮಧ್ಯದ ಪಟ್ಟಿ ಹತ್ತಿರದಿಂದ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ.

---

ಹಳೇಆಲ್ಬಂ:

ದಯವಿಟ್ಟು ಹಾಕಿ. ಪ್ರದರ್ಶನಕ್ಕೆ ಇನ್ನೂ ಹದಿನೈದು ದಿನ ಇದೆ.

ಒಂದು ಕೊನೆ ಅನುಮಾನ. ಅಪ್ಪ ಬರೆದ 845 ಅಳಿಸಿ ಹೊಸದು ಬರೆಯಲೋ, ಹಾಗೇ ಬಿಡಲೋ? ಮಗಳು "ತಪ್ಪು ಇದ್ದರೆ ಟೀಚರ್ ಮಾರ್ಕ್ಸ್ ಕಟ್ ಮಾಡ್ತಾರೆ" ಅಂತಿದ್ದಾಳೆ.

---

ಗಮ್‌ಪೇಪರ್:

ರಬ್ಬರ್ ಮಾತ್ರ ಹಚ್ಚಬೇಡಿ. ಐವತ್ತು ವರ್ಷದ ಪುಟ, ಕಾಗದ ಎದ್ದು ಬರುತ್ತದೆ, ಸ್ಟಾಂಪಿನ ಅಂಚೂ ಹಾಳಾಗಬಹುದು. ಬೇರೆ ಚೀಟಿ ಬರೆದು ಪಕ್ಕದಲ್ಲಿಡಿ. ಏಳೂವರೆ ಪೆನ್ಸಿನ ಸ್ಟಾಂಪು ನನ್ನ ಹತ್ತಿರ ಎರಡಿದೆ, ಒಂದು ಕಳಿಸುತ್ತೇನೆ. ವಿಳಾಸ ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ.

---

ಚೇಗು:

ಚೀಟಿಯಲ್ಲಿ ಮಗಳ ಕೈಯಲ್ಲೇ ಬರೆಸಿ: "1960ರಲ್ಲಿ 845 ಅಂದರು, 1995ರಲ್ಲಿ 1063ರಿಂದ 1108ರ ಒಳಗೆ ಅಂದರು." ಯಾಕೆ ಅಂತ ಟೀಚರ್ ಕೇಳಿದರೆ ಹಲಸಿನ ಮರದ ಒಂದು ತುಂಡು ತೋರಿಸಲಿ, ಚೇಗು, ಬಿಳಿ ಮರ ಎರಡೂ ಇರುವಂಥದ್ದು. ಹುಬ್ಬಳ್ಳಿಯಲ್ಲಿ ಯಾವ ಮರದ ಡಿಪೋದಲ್ಲಾದರೂ ಕೇಳಿ, ಸುಮ್ನೆ ಕೊಡುತ್ತಾರೆ. ಕೊಡದಿದ್ದರೆ ಹೇಳಿ, ನಾನು ಬಸ್ಸಿಗೆ ಹಾಕಿ ಕಳಿಸುತ್ತೇನೆ.